ಟಿ.ಎಂ.ಗಳ ಪ್ರಾಪ್ತಿಸ್ಥಾನ: ಪೋಕೆಮಾನ್ ಆಟವನ್ನು ಕುರಿತು ಒಂದು ವಿಮರ್ಶೆ

ವಿದ್ಯಾರ್ಥಿಯೊಬ್ಬನ ಟಿಪ್ಪಣಿ ಪುಸ್ತಕವನ್ನು ತಿದ್ದುತ್ತಿದ್ದಾಗ ಅದರ ಕೊನೆಯ ಹಾಳೆಗಳಲ್ಲಿ ಮೂರು ಅಂಕಣಗಳ ಒಂದು ಪಟ್ಟಿ ನಮ್ಮ ಕಣ್ಣಿಗೆ ಬಿದ್ದಿತು. ಮೊದಲನೆಯ ಅಂಕಣದಲ್ಲಿ ೧ರಿಂದ ೫೦ರವರೆಗೆ ಸಂಖ್ಯೆಗಳು; ಎರಡನೆಯದರಲ್ಲಿ ಇಂಗ್ಲಿಷ್ ಹೆಸರುಗಳು; ಮೂರನೆಯದರಲ್ಲಿ ಊರು, ಗುಹೆ, ಕಟ್ಟಡ ಮೊದಲಾದ ಸ್ಥಳಗಳು. ಯಾವುದೋ ಶಾಸನಸಂಪುಟದ ಸೂಚಿಯನ್ನು ಹುಡುಗ ಶ್ರದ್ಧೆಯಿಂದ ನಕಲು ಮಾಡಿಕೊಂಡಿರಬೇಕೆಂದು ಮೊದಲು ಸಂತೋಷಪಟ್ಟೆವು. ವಿಚಾರಿಸಲಾಗಿ ಅದು ಪೋಕೆಮಾನ್ ಎಂಬ ವೀಡಿಯೊ ಆಟದಲ್ಲಿ ಟಿ.ಎಂ.ಗಳೆಂಬ ವಸ್ತುಗಳು ಎಲ್ಲೆಲ್ಲಿ ದೊರೆಯುತ್ತವೆಂಬುದರ ಪಟ್ಟಿಯೆಂದು ತಿಳಿದುಬಂದಿತು. ಆ ಬಳಿಕ ಎರಡು ರಜೆಗಳ ಬಹುಭಾಗವನ್ನು ನಾವು ಆ ಆಟದಲ್ಲಿ ಕಳೆದೆವೆಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆಟ ಮುಗಿಸಿದ ಮೇಲೆ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ, ಅದರಲ್ಲಿ ತಪ್ಪು ಒಂದೂ ಇಲ್ಲದಿದ್ದರೂ ಅತ್ಯಂತ ಮುಖ್ಯವಾದ ಅಂಕಣವೊಂದು ಬಿಟ್ಟುಹೋಗಿದೆಯೆಂದು ತೋರಿತು. ಈ ಲೇಖನದ ವಿಷಯ ಆ ನಾಲ್ಕನೆಯ ಅಂಕಣ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಮಾತು. ಜಪಾನಿನ ಗೇಮ್ ಫ್ರೀಕ್ ಸಂಸ್ಥೆಯವರು ರಚಿಸಿ, ನಿಂಟೆಂಡೊ ಸಂಸ್ಥೆಯವರು ತಮ್ಮ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ೧೯೯೬ರ ಫೆಬ್ರವರಿ ೨೭ರಂದು ಹೊರತಂದ 'ರೆಡ್' ಮತ್ತು 'ಗ್ರೀನ್' ಎಂಬ ಜೋಡಿ ಆಟಗಳು ಈ ಮಾಲೆಯ ಮೊದಲ ಕೃತಿಗಳು. ಇಂಗ್ಲಿಷಿನಲ್ಲಿ ೧೯೯೮ರಲ್ಲಿ ಇವು 'ರೆಡ್' ಮತ್ತು 'ಬ್ಲೂ' ಎಂಬ ಹೆಸರಿನಿಂದ ಬಂದುವು. ಆಡುವವನು ಕಾಂಟೊ ಎಂಬ ನಾಡಿನಲ್ಲಿ ಊರಿಂದೂರಿಗೆ ನಡೆಯುತ್ತ, ೧೫೧ ಬಗೆಯ ಜೀವಿಗಳಲ್ಲಿ ತನಗೆ ಬೇಕಾದುವನ್ನು ಹಿಡಿದು, ಸಾಕಿ, ಕಾಳಗಕ್ಕೆ ಬಿಡುತ್ತಾನೆ. ಪ್ರತಿಯೊಂದು ಜೀವಿಗೂ ಕಾಳಗದಲ್ಲಿ ಪ್ರಯೋಗಿಸಲು ಕೆಲವು ವರಸೆಗಳುಂಟು. ನಮ್ಮ ಗರಡಿಗಳ ಮಾತಿನಲ್ಲಿ ಹೇಳುವುದಾದರೆ, ಪಟ್ಟುಗಳು. ಜೀವಿಯು ನಾಲ್ಕು ಪಟ್ಟುಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬಲ್ಲುದು. ಐದನೆಯದು ಬೇಕಾದರೆ ಮೊದಲಿನ ನಾಲ್ಕರಲ್ಲಿ ಒಂದನ್ನು ಮರೆಯಬೇಕು. ಕೆಲವು ಪಟ್ಟುಗಳು ಜೀವಿ ಬಲಿತಂತೆ ತಾವಾಗಿ ಬರುತ್ತವೆ. ಉಳಿದುವನ್ನು ಕಲಿಸಲು 'ಟೆಕ್ನಿಕಲ್ ಮಷೀನ್' ಎಂಬ ಸಾಧನ ಬೇಕು; ಇದೇ ಟಿ.ಎಂ. ಮೊದಲ ಆಟದಲ್ಲಿ ಇಂಥವು ೫೦. ಇವಲ್ಲದೆ, ಮರ ಕಡಿದು ದಾರಿ ಮಾಡುವುದು, ನೀರು ದಾಟುವುದು, ಹಾರುವುದು ಮುಂತಾಗಿ ಪ್ರಯಾಣಕ್ಕೂ ಒದಗುವ ಪಟ್ಟುಗಳಿಗಾಗಿ 'ಹಿಡನ್ ಮಷೀನ್', ಎಂದರೆ ಎಚ್.ಎಂ., ಎಂಬ ಐದು ಬೇರೆ. ಟಿ.ಎಂ. ಒಂದು ಸಲ ಬಳಸಿದರೆ ಮುಗಿಯಿತು, ಎಚ್.ಎಂ. ಸವೆಯುವುದಿಲ್ಲ.

ಶಾಸನವೊಂದನ್ನು ಅದು ನಿಂತಿದ್ದ ನೆಲದಿಂದ ಕಿತ್ತು ತಂದು, ದೊರೆತ ಬಗೆಯನ್ನು ಬರೆದಿಡದೆ ಸಂಗ್ರಹಾಲಯದ ಗೋಡೆಗೆ ಒರಗಿಸಿದರೆ, ಅದರ ಪಾಠ ಉಳಿದರೂ ಸಾಕ್ಷ್ಯದ ಅರ್ಧ ನಷ್ಟವಾಗುತ್ತದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಟಿ.ಎಂ.ಗಳ ವಿಷಯದಲ್ಲಿ ಬಳಕೆಯಲ್ಲಿರುವ ಪಟ್ಟಿಗಳು ಮಾಡಿರುವುದೂ ಇದನ್ನೇ. ಸಂಖ್ಯೆ, ಪಟ್ಟು, ಸ್ಥಳ ಇವಿಷ್ಟನ್ನು ಹೇಳಿ, ಅದನ್ನು ಯಾರು ಕೊಟ್ಟರು, ಏಕೆ ಕೊಟ್ಟರು, ಪಡೆದವನು ಪ್ರತಿಯಾಗಿ ಏನು ಕೊಟ್ಟನು ಎಂಬುದನ್ನು ಬಿಟ್ಟುಬಿಡುತ್ತವೆ. ೧೯೯೬ರ ಆಟದ ಹೆಚ್ಚಳವಾದರೋ ಈ ಬಿಟ್ಟುಹೋದ ಭಾಗದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಮೊದಲಿಗೆ ಎಂಟು ಊರುಗಳ ಗರಡಿಗಳನ್ನು ತೆಗೆದುಕೊಳ್ಳೋಣ. ಆಟದಲ್ಲಿ ಇವಕ್ಕೆ ಜಿಮ್ ಎಂದು ಹೆಸರು. ಪ್ರತಿಯೊಂದರ ಮುಖ್ಯಸ್ಥನೂ ಸೋತ ಮೇಲೆ ಆಡುವವನಿಗೆ ಒಂದು ಪದಕವನ್ನೂ ಒಂದು ಟಿ.ಎಂ.ಅನ್ನೂ ಕೊಡುತ್ತಾನೆ. ಗೆದ್ದವನಿಗೆ ಸೋತವನು ವಿದ್ಯೆ ಕೊಡುವುದೆಂಬ ಈ ಏರ್ಪಾಡು ಮೇಲುನೋಟಕ್ಕೆ ಕಪ್ಪಕಾಣಿಕೆಯಂತಿದ್ದರೂ ಅವರ ಮಾತುಗಳನ್ನು ಗಮನಿಸಿದರೆ ಬೇರೆಯ ಅರ್ಥ ಹೊಳೆಯುತ್ತದೆ. ಕೋಗಾ ಎಂಬವನು ೬ನೆಯ ಟಿ.ಎಂ.ಅನ್ನು, ಎಂದರೆ ವಿಷಪ್ರಯೋಗದ 'ಟಾಕ್ಸಿಕ್' ಪಟ್ಟನ್ನು ಕೊಡುವಾಗ, ಅದು ನಾನೂರು ವರ್ಷಗಳಿಗೂ ಹಿಂದಿನ ರಹಸ್ಯವಿದ್ಯೆಯೆಂದು ಹೇಳುತ್ತಾನೆ. ೧೯೯೬ರಿಂದ ನಾನೂರು ವರ್ಷ ಹಿಂದಕ್ಕೆ ಎಣಿಸಿದರೆ ಹದಿನಾರನೆಯ ಶತಮಾನದ ಕೊನೆ. ಜಪಾನಿನ ಅಂತಃಕಲಹಗಳ ಯುಗ ಮುಗಿಯುತ್ತಿದ್ದ ಕಾಲ. ಗೂಢಚಾರ ಯೋಧರಾದ ನಿಂಜಾಗಳಿಗೆ ಹೆಸರಾದ ಪ್ರದೇಶವೊಂದಕ್ಕೂ ಕೋಗಾ ಎಂದೇ ಹೆಸರು. ಒಂದೇ ಸಾಲಿನಲ್ಲಿ ಆಟವು ತನ್ನ ಕಲ್ಪಿತ ನಾಡಿಗೆ ಒಂದು ಗತಕಾಲವನ್ನು ಕೊಟ್ಟುಬಿಟ್ಟಿದೆ. ಕೊನೆಯ ಜಿಮ್ಮಿನ ಜಿಯೋವಾನಿಯ ಮಾತು ಇನ್ನೂ ಕುತೂಹಲಕರ. ಅವನು ಕಳ್ಳರ ಕೂಟವೊಂದರ ನಾಯಕ. ೨೭ನೆಯ ಟಿ.ಎಂ. ಆದ 'ಫಿಶರ್' ಅನ್ನು ಕೊಡುತ್ತ, ಬಹುಕಾಲದ ಹಿಂದೆ ತಾನು ಈ ಜಿಮ್ಮನ್ನು ನಡೆಸುತ್ತಿದ್ದಾಗ ಅದನ್ನು ಮಾಡಿದೆನೆಂದು ತಿಳಿಸುತ್ತಾನೆ. ಹಾಗಾದರೆ ಟಿ.ಎಂ.ಗಳಿಗೆ ಕರ್ತೃಗಳುಂಟು, ಕಳ್ಳರ ನಾಯಕನೂ ಒಂದು ಕಾಲಕ್ಕೆ ಗುರುವಾಗಿದ್ದವನು. ಪಟ್ಟಿಯಲ್ಲಿ ಇದೆಲ್ಲವೂ '೨೭, ಫಿಶರ್, ವಿರಿಡಿಯನ್ ಜಿಮ್' ಎಂದಿಷ್ಟೇ ಆಗಿ ಉಳಿದಿದೆ.

ಜಿಮ್ಮಿನ ಹೊರಗೆ ವಿದ್ಯೆ ಕೈಬದಲಾಗುವ ಬಗೆಗಳು ಅನೇಕ. ಸೆಲಡಾನ್ ಎಂಬ ಒಂದೇ ಪಟ್ಟಣದಲ್ಲಿ ಅವೆಲ್ಲವನ್ನೂ ಒಟ್ಟಿಗೆ ಕಾಣಬಹುದಾಗಿದೆ. ಅಲ್ಲಿಯ ದೊಡ್ಡ ಅಂಗಡಿಯ ಎರಡನೆಯ ಮಹಡಿಯಲ್ಲಿ ಒಂಬತ್ತು ಟಿ.ಎಂ.ಗಳು ಮಾರಾಟಕ್ಕಿವೆ, ಬೆಲೆ ಆಟದ ನಾಣ್ಯದಲ್ಲಿ ೧೦೦೦ದಿಂದ ೩೦೦೦. ಅದೇ ಅಂಗಡಿಯ ತಾರಸಿಯಲ್ಲಿ ಬಾಯಾರಿದ ಹುಡುಗಿಯೊಬ್ಬಳು ನಿಂತಿರುತ್ತಾಳೆ. ಪಕ್ಕದ ಯಂತ್ರದಿಂದ ೨೦೦ ನಾಣ್ಯಕ್ಕೆ ಸಿಹಿನೀರಿನ ಬಾಟಲಿಯನ್ನು ತೆಗೆದು ಕೊಟ್ಟರೆ ಅವಳು ಪ್ರತಿಯಾಗಿ ೧೩ನೆಯ ಟಿ.ಎಂ. ಆದ 'ಐಸ್ ಬೀಮ್' ಅನ್ನು ಕೊಡುತ್ತಾಳೆ. ಸೋಡಾಕ್ಕೆ ಒಂದು, ನಿಂಬೆಯ ಪಾನಕಕ್ಕೆ ಇನ್ನೊಂದು. ಕೆಳಗೆ ಮೂರು ಸಾವಿರ ತೆತ್ತು ಕೊಳ್ಳುವ ಯಾವ ಪಟ್ಟೂ ಮೇಲೆ ಒಂದು ಬಾಟಲಿ ನೀರಿಗೆ ಬರುವ ಈ ಪಟ್ಟಿಗೆ ಸಮವಲ್ಲವೆಂಬುದು ಆಡಿದವರಿಗೆಲ್ಲ ಗೊತ್ತು. ಸ್ವಲ್ಪ ದೂರದಲ್ಲಿ ಜೂಜಿನ ಕಟ್ಟೆಯುಂಟು. ಅಲ್ಲಿ ೫೫೦೦ ಬಿಲ್ಲೆಗಳನ್ನು ಕೂಡಿಸಿದವನಿಗೆ 'ಹೈಪರ್ ಬೀಮ್' ದೊರೆಯುತ್ತದೆ. ಆ ಕಟ್ಟೆಯ ಕೆಳಗೆ ಜಿಯೋವಾನಿಯ ಕೂಟದವರ ನೆಲಮನೆ. ಹೀಗೆ ಒಂದೇ ಊರಿನಲ್ಲಿ ಕ್ರಯ, ವಿನಿಮಯ, ದ್ಯೂತಗಳು ಮೂರೂ ಇವೆ; ಅಂಗಡಿಯ ಮೂರನೆಯ ಮಹಡಿಯ ನೌಕರನೊಬ್ಬನು ಒಂದನ್ನು ಸುಮ್ಮನೆಯೇ ಕೊಡುವುದರಿಂದ ದಾನವೂ ಉಂಟೆನ್ನಬೇಕು. ಗ್ರಂಥಕರ್ತರು ಇದನ್ನು ಉದ್ದೇಶಪೂರ್ವಕವಾಗಿ ಯೋಜಿಸಿದರೋ, ಊರೊಂದನ್ನು ಊರಾಗಿ ಕಾಣಿಸಬೇಕೆಂಬ ಹಂಬಲದಿಂದ ತಾನಾಗಿ ಬಂದಿತೋ, ಹೇಗಾದರೂ ಫಲ ಒಂದೇ.

ಎಲ್ಲ ಟಿ.ಎಂ.ಗಳೂ ಹೀಗೆ ಮನುಷ್ಯರ ಕೈಯಿಂದಲೇ ಬರುತ್ತವೆಂದಲ್ಲ. ಮೌಂಟ್ ಮೂನ್ ಗುಹೆಯಲ್ಲಿ ಎರಡು ನೆಲದ ಮೇಲೆ ಬಿದ್ದಿವೆ. ಸಿಲ್ಫ್ ಕಂಪೆನಿಯ ಕಟ್ಟಡದಲ್ಲಿ 'ಸ್ವೋರ್ಡ್ಸ್ ಡಾನ್ಸ್' ಮತ್ತು 'ಅರ್ಥ್‌ಕ್ವೇಕ್' ಎಂಬ ಬಲವಾದ ಪಟ್ಟುಗಳೂ ಹಾಗೆಯೇ ಬಿದ್ದಿರುತ್ತವೆ. ಯಾರು ಬಿಟ್ಟುಹೋದರೆಂದು ಆಟ ಹೇಳುವುದಿಲ್ಲ. ಇಂಥ ಕಡೆಗಳಲ್ಲಿ ಪಟ್ಟಿಯ ಮೂರು ಅಂಕಣಗಳು ಸಾಕು. ನಮಗೂ ಹೇಳಬೇಕಾದ್ದು ಹೆಚ್ಚಿಲ್ಲ.

ಎಚ್.ಎಂ.ಗಳ ವಿಚಾರ ಹಾಗಲ್ಲ. ಇಲ್ಲಿ ಭಾಷಾಂತರದ ಪ್ರಶ್ನೆಯೊಂದುಂಟು. ಜಪಾನೀ ಮೂಲದಲ್ಲಿ ಟಿ.ಎಂ.ಗೆ 'ವಾಜಾ ಮಷೀನ್' ಎಂದು ಹೆಸರು; 'ವಾಜಾ' ಎಂಬುದು ಜೂಡೊ ಮೊದಲಾದ ಮಲ್ಲವಿದ್ಯೆಗಳಲ್ಲಿಯೂ ಪಟ್ಟು ಎಂಬ ಅರ್ಥದಲ್ಲಿ ಬಳಕೆಯಾಗುವ ಮಾತು. ಎಚ್.ಎಂ.ಗೆ ಅಲ್ಲಿಯ ಹೆಸರು 'ಹಿದೆನ್ ಮಷೀನ್'. 'ಹಿ' ಎಂದರೆ ರಹಸ್ಯ, 'ದೆನ್' ಎಂದರೆ ಪರಂಪರೆಯಾಗಿ ಸಾಗಿಬಂದದ್ದು. ಗುರುವು ತಕ್ಕ ಶಿಷ್ಯನಿಗೆ ಮಾತ್ರ ಒಪ್ಪಿಸುವ ಗುಟ್ಟು ಎಂಬುದು ಒಟ್ಟರ್ಥ. ನೋ ನಾಟಕದ ಆಚಾರ್ಯನಾದ ಜೆಆಮಿಯು ಹದಿನೈದನೆಯ ಶತಮಾನದಲ್ಲಿ ಬರೆದ ಲಕ್ಷಣಗ್ರಂಥಗಳು ಇಂಥ ಹಿದೆನ್ ಆಗಿಯೇ ನಟರ ಮನೆತನಗಳಲ್ಲಿ ಉಳಿದುಬಂದು, ೧೯೦೯ರಲ್ಲಿ ಯೋಶಿದಾ ತೋಗೊ ಎಂಬ ವಿದ್ವಾಂಸರು ಅಚ್ಚುಮಾಡಿಸಿದ ಮೇಲೆ ಲೋಕಕ್ಕೆ ತಿಳಿದುವು. ಇಂಗ್ಲಿಷಿಗೆ ತಂದವರು ಧ್ವನಿಸಾಮ್ಯವನ್ನು ಹಿಡಿದು 'ಹಿದೆನ್' ಎಂಬುದನ್ನು 'ಹಿಡನ್' ಮಾಡಿದರು. ಅಕ್ಷರಗಳ ಸಂಖ್ಯೆಯೂ ಮಿತವಾಗಿದ್ದ ಆ ಪುಟ್ಟ ಪರದೆಗೆ ಇದು ಜಾಣತನದ ಪರಿಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಹಸ್ಯವೆಂಬ ಅಂಶ ಉಳಿದು ಪರಂಪರೆಯೆಂಬ ಅಂಶ ಬಿದ್ದುಹೋಯಿತು. ಒಪ್ಪಿಸಿಕೊಂಡದ್ದು ಬಚ್ಚಿಟ್ಟದ್ದಾಯಿತು.

ಆಟದ ಸಾಕ್ಷ್ಯವಾದರೋ ಮೂಲದ ಹೆಸರಿನ ಪರವಾಗಿದೆ. ಐದು ಎಚ್.ಎಂ.ಗಳಲ್ಲಿ ಒಂದಾದರೂ ನೆಲದ ಮೇಲೆ ಬಿದ್ದಿಲ್ಲ. ಮೊದಲನೆಯದು ಹಡಗಿನ ಕಪ್ತಾನನದು. ಸಮುದ್ರಪ್ರಯಾಣದ ಓಕರಿಕೆಯಿಂದ ನರಳುತ್ತಿರುವ ಅವನ ಬೆನ್ನನ್ನು ಆಡುವವನು ನೀವಿದರೆ ಕೊಡುತ್ತಾನೆ. ಎರಡನೆಯದನ್ನು ಏಕಾಂತದ ಮನೆಯಲ್ಲಿರುವ ಹುಡುಗಿಯೊಬ್ಬಳು, ತನ್ನ ಇರವನ್ನು ಯಾರಿಗೂ ಹೇಳಬಾರದೆಂದು ಕೇಳಿಕೊಂಡು ಕೊಡುತ್ತಾಳೆ. ಮೂರನೆಯದು ಮೃಗವನದ ತುದಿಯ ಮನೆಯಲ್ಲಿ, ೫೦೦ ಹೆಜ್ಜೆಗಳೊಳಗಾಗಿ ಅಲ್ಲಿಗೆ ಮುಟ್ಟಿದವನಿಗೆ. ನಾಲ್ಕನೆಯದು ಆ ಮೃಗವನದ ಅಧಿಕಾರಿಯಿಂದ; ಚಿನ್ನದ ಹಲ್ಲುಗಳನ್ನು ಕಳೆದುಕೊಂಡು ಅವನ ಮಾತು ಯಾರಿಗೂ ತಿಳಿಯದಾಗಿರುತ್ತದೆ, ಅವನ್ನು ಹುಡುಕಿಕೊಟ್ಟಾಗ ಮಾತಿನೊಡನೆ ವಿದ್ಯೆಯೂ ಬರುತ್ತದೆ. ಐದನೆಯದು, ಹತ್ತು ಬಗೆಯ ಜೀವಿಗಳನ್ನು ಹಿಡಿದವನಿಗೆ ಪ್ರಾಧ್ಯಾಪಕರ ಸಹಾಯಕನು ಕೊಡುವುದು. ಬೆನ್ನು ನೀವುವುದು, ಗುಟ್ಟು ಕಾಯುವುದು, ಹಲ್ಲು ತಂದುಕೊಡುವುದು: ಇವು ಶುಶ್ರೂಷೆಯಲ್ಲದೆ ಮತ್ತೇನು? ಮಕ್ಕಳ ಆಟದ ಒಂದೊಂದು ಸಾಲಿನ ಸಂಭಾಷಣೆಗೆ ಇಷ್ಟು ಭಾರ ಹೊರಿಸಬಾರದೆಂದು ಆಕ್ಷೇಪಿಸುವವರಿರಬಹುದು. ಸಾಲು ಒಂದೇ ಆದರೂ ಐದು ಕಡೆ ಒಂದೇ ರೀತಿ ಕಾಣುವಾಗ ಅದನ್ನು ಆಕಸ್ಮಿಕವೆಂದು ತಳ್ಳಿಬಿಡುವುದು ನಮಗೆ ಸಾಧ್ಯವಾಗಲಿಲ್ಲ.

ಇನ್ನು ಹುಡುಕಿ ಪಡೆದದ್ದನ್ನು ಇಟ್ಟುಕೊಳ್ಳುವ ಕಷ್ಟ. ಆಡುವವನ ಚೀಲದಲ್ಲಿ ೨೦ ಬಗೆಯ ವಸ್ತುಗಳಿಗೆ ಮಾತ್ರ ಸ್ಥಳ. ಟಿ.ಎಂ.ಗಳೇ ೫೦. ಔಷಧ, ಬಲೆಚೆಂಡು, ಬೀಗದಕೈ ಎಲ್ಲವೂ ಆ ಇಪ್ಪತ್ತರಲ್ಲಿಯೇ ಹಿಡಿಸಬೇಕು. ಸಾಲದುದಕ್ಕೆ ಚೀಲದಲ್ಲಿ ಕಾಣುವುದು 'ಟಿ.ಎಂ. ೧೩' ಎಂಬ ಸಂಖ್ಯೆ ಮಾತ್ರ, ಪಟ್ಟಿನ ಹೆಸರಲ್ಲ. ಚಾಲೂ ಮಾಡಿ ನೋಡಿದಾಗಲೇ ಒಳಗಿರುವುದು ತಿಳಿಯುವುದು. ವಿದ್ಯಾರ್ಥಿಗಳು ಪಟ್ಟಿ ಬರೆದುಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವ ಜೀವಿ ಯಾವುದನ್ನು ಕಲಿಯಬಲ್ಲುದೆಂಬುದೂ ನಿಯತವಾಗಿದೆ. ಮ್ಯೂ ಎಂಬ ಜೀವಿ ಎಲ್ಲವನ್ನೂ ಕಲಿಯುತ್ತದೆ. ಮ್ಯಾಜಿಕಾರ್ಪ್ ಎಂಬ ಬಡಪಾಯಿ ಮೀನು ಒಂದನ್ನೂ ಕಲಿಯಲಾರದು. ಚಾರಿಜಾರ್ಡ್ ಎಂಬ ರೆಕ್ಕೆಯುಳ್ಳ ಘಟಸರ್ಪಕ್ಕೆ ೧೯೯೬ರ ಆಟದಲ್ಲಿ ಹಾರುವ ಎಚ್.ಎಂ. ಹತ್ತುವುದಿಲ್ಲ! ೧೯೯೮ರ 'ಯೆಲ್ಲೊ' ಆವೃತ್ತಿಯಲ್ಲಿ ಈ ಲೋಪವನ್ನು ಸರಿಪಡಿಸಿದರು.

ಒಂದೇ ಸಲದ ಬಳಕೆಯೆಂಬ ನಿಯಮವು ಆಯ್ಕೆಗೆ ಬೆಲೆ ತಂದಿತೆಂಬುದು ಸಾಮಾನ್ಯವಾದ ಮೆಚ್ಚುಗೆ. ನಮ್ಮ ಅನುಭವ ಅಷ್ಟು ಸರಳವಾಗಿಲ್ಲ. ಸಿಲ್ಫ್ ಕಟ್ಟಡದ ಹತ್ತನೆಯ ಮಹಡಿಯಲ್ಲಿ ದೊರೆತ ೨೬ನೆಯ ಟಿ.ಎಂ.ಅನ್ನು, ಎಂದರೆ ಭೂಕಂಪದ ಪಟ್ಟನ್ನು, ನಾವು ಡಗ್‌ಟ್ರಿಯೊ ಎಂಬ ಬಿಲಜೀವಿಗೆ ಆತುರದಿಂದ ಕಲಿಸಿದೆವು. ಇಡೀ ಆಟದಲ್ಲಿ ಅದು ಒಂದೇ ಒಂದು. ೪೭ನೆಯ ಮಟ್ಟಕ್ಕೆ ಬೆಳೆದಾಗ ಡಗ್‌ಟ್ರಿಯೊ ಅದನ್ನು ತಾನಾಗಿಯೇ ಕಲಿಯುತ್ತಿತ್ತೆಂದು ನಮ್ಮ ವಿದ್ಯಾರ್ಥಿ ಬಹಳ ವಿನಯದಿಂದ ತಿಳಿಸಿದನು. ಆ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು, ಬೆಲೆಯುಳ್ಳ ಟಿ.ಎಂ. ಯಾವುದನ್ನೂ ಬಳಸದೆ ಕೂಡಿಡತೊಡಗಿ, ಆಟ ಮುಗಿದಾಗ ಹನ್ನೊಂದು ಹಾಗೆಯೇ ಉಳಿದಿದ್ದುವು. ಬಿತ್ತನೆಯ ಬೀಜವನ್ನು ಹಗೇವಿನಲ್ಲಿಯೇ ಮುಗ್ಗಲು ಬಿಟ್ಟ ಒಕ್ಕಲಿಗನ ಸ್ಥಿತಿ ನಮ್ಮದಾಯಿತು. ಇದು ನಮ್ಮೊಬ್ಬರ ಜಿಪುಣತನವಲ್ಲವೆಂದು ಆಡುವವರನ್ನು ಕೇಳಿ ತಿಳಿದೆವು. ನಿಯಮದಲ್ಲಿಯೇ ಈ ದೋಷವಿದೆ.

ಪಟ್ಟಿಗಳನ್ನು ಹೀಗೆ ದೂರುವಾಗ ಒಂದು ಸಂಗತಿಯನ್ನು ನ್ಯಾಯವಾಗಿ ಹೇಳಬೇಕು. ಆಟದ ಪ್ರಧಾನ ಕರ್ತೃವಾದ ಸತೋಶಿ ತಾಜಿರಿ ಅವರು ಚಿಕ್ಕಂದಿನಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದವರು. ೧೯೮೩ರಲ್ಲಿ ಅವರು 'ಗೇಮ್ ಫ್ರೀಕ್' ಎಂಬ ಸಣ್ಣ ಪತ್ರಿಕೆಯೊಂದನ್ನು ಆರಂಭಿಸಿದರು. ವೀಡಿಯೊ ಆಟಗಳಲ್ಲಿ ಗೆಲ್ಲುವ ಉಪಾಯಗಳನ್ನೂ ಅಡಗಿರುವ ಗುಟ್ಟುಗಳನ್ನೂ ತಿಳಿಸುವುದೇ ಅದರ ಕೆಲಸ. ಆಟ ರಚಿಸುವ ಸಂಸ್ಥೆ ಬೆಳೆದದ್ದು ಆ ಪತ್ರಿಕೆಯಿಂದ. ಎಂದಮೇಲೆ, ನಮ್ಮ ವಿದ್ಯಾರ್ಥಿಯ ಪಟ್ಟಿಯನ್ನು ಆಟಕ್ಕೆ ಹೊರಗಿನ ಅಕ್ರಮವೆನ್ನಲಾಗುವುದಿಲ್ಲ. ಗುಟ್ಟನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಚಟದಿಂದಲೇ ಆಟ ಹುಟ್ಟಿತು. ನಮ್ಮ ದೂರು ಅದರ ಅಪೂರ್ಣತೆಯನ್ನು ಕುರಿತದ್ದು.

ಮುಂದಿನ ಆಟಗಳ ಇತಿಹಾಸವನ್ನು ಬೇಗನೆ ಹೇಳಿಬಿಡಬಹುದು. ೧೯೯೯ರ 'ಗೋಲ್ಡ್' ಮತ್ತು 'ಸಿಲ್ವರ್'ಗಳಲ್ಲಿ ಟಿ.ಎಂ.ಗಳಿಗೆ ಚೀಲದಲ್ಲಿ ಬೇರೆಯ ಜೇಬು ಬಂದು, ಸಂಖ್ಯೆಯ ಪಕ್ಕದಲ್ಲಿ ಹೆಸರೂ ಕಾಣತೊಡಗಿತು. ೨೦೦೬ರ 'ಡೈಮಂಡ್' ಮತ್ತು 'ಪರ್ಲ್'ಗಳಲ್ಲಿ ಅವುಗಳ ಸಂಖ್ಯೆ ೯೨ಕ್ಕೇರಿತು. ನಿಜವಾದ ಕ್ರಾಂತಿ ೨೦೧೦ರ 'ಬ್ಲಾಕ್' ಮತ್ತು 'ವೈಟ್'ಗಳದು, ಅಲ್ಲಿ ಟಿ.ಎಂ.ಗಳು ೯೫, ಒಂದೂ ಸವೆಯದು. ಒಮ್ಮೆ ದೊರೆತದ್ದನ್ನು ಎಷ್ಟು ಜೀವಿಗಳಿಗೆ ಬೇಕಾದರೂ ಕಲಿಸಬಹುದು. ವಿದ್ಯೆಯನ್ನು ಕೊಟ್ಟಷ್ಟೂ ಅದು ಖರ್ಚಾಗದೆಂಬ ನಮ್ಮ ಹಿರಿಯರ ಮಾತಿಗೆ ಇದು ಹತ್ತಿರವಾದುದರಿಂದ, ಮೊದಲು ಕೇಳಿದಾಗ ನಾವು ಇದನ್ನು ಮನಸಾರೆ ಒಪ್ಪಿದೆವು. ಹಗೇವಿನ ಬೀಜ ಮುಗ್ಗುವ ಭಯ ಹೋಯಿತು. ತಪ್ಪು ಮಾಡಿದವನು ತಿದ್ದಿಕೊಳ್ಳಬಹುದಾಯಿತು. ಮೊದಲಿನ ನಿಯಮಕ್ಕೆ ಹಿಂತಿರುಗಬೇಕೆಂದು ನಾವು ವಾದಿಸುತ್ತಿಲ್ಲ. ಆದರೂ ಇದರಿಂದ ಕೊಡುವವನ ಮಹತ್ತ್ವ ತಗ್ಗಿತೆಂಬುದನ್ನು ಮರೆಯಲಾಗದು. ಒಂದೇ ಪ್ರತಿಯಿದ್ದಾಗ, ಅದನ್ನು ಯಾವ ಜೀವಿಗೆ ಕಲಿಸಿದೆವೆಂಬುದರೊಡನೆ ಯಾರಿಂದ ಪಡೆದೆವೆಂಬುದೂ ನೆನಪಿನಲ್ಲಿ ಉಳಿಯುತ್ತಿತ್ತು. ಸವೆಯದ ವಸ್ತುವನ್ನು ಕೈ ಮತ್ತೆ ಮತ್ತೆ ಬಳಸುತ್ತದೆ, ಅದರ ಮೂಲವನ್ನು ಯಾರೂ ವಿಚಾರಿಸುವುದಿಲ್ಲ.

ಎಚ್.ಎಂ.ಗಳನ್ನು ೨೦೧೬ರ 'ಸನ್' ಮತ್ತು 'ಮೂನ್'ಗಳಲ್ಲಿ ಕೈಬಿಟ್ಟರು. ಇದಕ್ಕೆ ಕಾರಣವುಂಟು. ಮೊದಲ ಆಟದಲ್ಲಿ ಎಚ್.ಎಂ. ಪಟ್ಟುಗಳನ್ನು ಒಮ್ಮೆ ಕಲಿತ ಜೀವಿ ಮರೆಯುವಂತಿರಲಿಲ್ಲ. ಆದಕಾರಣ ಆಡುವವರು ಕಾಳಗಕ್ಕೆ ಬಾರದ ಒಂದು ಜೀವಿಯ ಮೇಲೆ ಮರ ಕಡಿಯುವ, ಬಂಡೆ ತಳ್ಳುವ ಕೆಲಸವನ್ನೆಲ್ಲ ಹೇರಿ ಅದನ್ನು ಹಮಾಲನಂತೆ ಜೊತೆಗೆ ಕರೆದೊಯ್ಯುತ್ತಿದ್ದರು. ರಹಸ್ಯಪರಂಪರೆಯೆಂದು ಹೆಸರಾದದ್ದು ಕೂಲಿಯಲ್ಲಿ ಮುಗಿದದ್ದು ವಿಪರ್ಯಾಸ. ಹೆಸರಿಗೆ ತಕ್ಕ ಗೌರವ ಬಳಕೆಯಲ್ಲಿ ಎಂದೂ ಬರಲಿಲ್ಲವೆಂಬುದನ್ನು, ಮೇಲೆ ಅದನ್ನು ಅಷ್ಟು ಹೊಗಳಿದ ನಾವು ಒಪ್ಪಲೇಬೇಕು.

೨೦೨೨ರ 'ಸ್ಕಾರ್ಲೆಟ್' ಮತ್ತು 'ವೈಲೆಟ್'ಗಳಲ್ಲಿ ಮತ್ತೊಂದು ತಿರುವು. ಐಬೀರಿಯ ಪರ್ಯಾಯದ್ವೀಪವನ್ನು ಹೋಲುವ ಪಾಲ್ಡಿಯಾ ಎಂಬ ನಾಡು ಇದರ ಭೂಮಿಕೆ. ಟಿ.ಎಂ.ಗಳು ೧೭೧, ಪುನಃ ಒಂದೇ ಸಲದ ಬಳಕೆ. ಬಯಲುಗಳಲ್ಲಿಯೂ ಬಂಡೆಗಳ ಮೇಲೂ ಹಳದಿಯ ಚೆಂಡುಗಳಾಗಿ ಹೊಳೆಯುತ್ತ ಅವು ದೂರದಿಂದಲೇ ಕಾಣುತ್ತವೆ. ಒಮ್ಮೆ ಒಂದನ್ನು ಎತ್ತಿಕೊಂಡರೆ, ಚಿಕಿತ್ಸಾಕೇಂದ್ರಗಳ ಬಳಿಯಿರುವ ಯಂತ್ರವೊಂದರಲ್ಲಿ ಅದರ ಪ್ರತಿಗಳನ್ನು ಬೇಕಾದಷ್ಟು ಮಾಡಿಕೊಳ್ಳುವ ಅಧಿಕಾರ ಬರುತ್ತದೆ. ಅದಕ್ಕೆ ಎಲ್.ಪಿ. ಎಂಬ ಅಂಕಗಳನ್ನು ತೆರಬೇಕು. ಜೊತೆಗೆ ಕಾಡಿನ ಜೀವಿಗಳನ್ನು ಸೋಲಿಸಿದಾಗ ಅಥವಾ ಹಿಡಿದಾಗ ದೊರೆಯುವ ಕೂದಲು, ಗರಿ ಮುಂತಾದುವನ್ನು ಹಾಕಬೇಕು. ಲೆಚಾಂಕ್ ಎಂಬ ಹಂದಿಮರಿಯ ಕೂದಲಿಗಾಗಿ ನಾವು ಒಂದು ಸಂಜೆಯೆಲ್ಲ ಬಯಲಿನಲ್ಲಿ ಅಲೆದದ್ದುಂಟು. ಜಿಮ್ಮುಗಳ ಮುಖ್ಯಸ್ಥರು ಇಲ್ಲಿಯೂ ಟಿ.ಎಂ. ಕೊಡುತ್ತಾರೆ, ಆದರೆ ಅದೇ ಪಟ್ಟು ಮರುದಿನ ಯಂತ್ರದಲ್ಲಿ ಕೂದಲಿಗೆ ಸಿಗುವುದರಿಂದ ಅವರ ಕೊಡುಗೆ ಮಾದರಿಪ್ರತಿಯಾಗಿ ಉಳಿಯುತ್ತದೆ. ಒಂದೇ ಸಲದ ಬಳಕೆಯೆಂಬ ಹಳೆಯ ನಿಯಮದ ಕಷ್ಟ ಮರಳಿ ಬಂದಿದೆ. ಅದರೊಡನೆ ಬರಬೇಕಾಗಿದ್ದ ಋಣದ ಭಾವ ಬಂದಿಲ್ಲ. ಅದರ ಸ್ಥಳದಲ್ಲಿ ದುಡಿಮೆಯಿದೆ. ದುಡಿಮೆಯೂ ಒಂದು ಮೌಲ್ಯವೆಂದು ಹೇಳಬಹುದು. ನಮಗಂತೂ ತಾರಸಿಯ ಮೇಲೆ ಬಾಯಾರಿ ನಿಂತ ಹುಡುಗಿಯ ನೆನಪಾಯಿತು.

ಮೊದಲ ಆಟದ ಒಂದು ಟಿ.ಎಂ. ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ಅದು ೨೮ನೆಯದು, ನೆಲ ತೋಡುವ 'ಡಿಗ್' ಪಟ್ಟು. ನಮ್ಮ ವಿದ್ಯಾರ್ಥಿಯ ಪಟ್ಟಿಯಲ್ಲಿ ಅದರ ಎದುರಿಗೆ 'ಸೆರುಲಿಯನ್' ಎಂದು ಊರಿನ ಹೆಸರು ಮಾತ್ರ ಇದೆ. ಆ ಊರಿನ ಒಂದು ಮನೆಗೆ ಜಿಯೋವಾನಿಯ ಕೂಟದವರು ಕನ್ನ ಹಾಕಿ ಈ ಟಿ.ಎಂ.ಅನ್ನು ಕದ್ದಿರುತ್ತಾರೆ. ತನಗೆ ಬಹಳ ಹಣ ಬಿದ್ದ ವಸ್ತುವೆಂದು ಮನೆಯವನು ಗೋಳಾಡುತ್ತಾನೆ. ಆಡುವವನು ಅದೇ ಕನ್ನದ ಮೂಲಕ ಹಿತ್ತಿಲಿಗೆ ಹೋಗಿ ಕಳ್ಳನನ್ನು ಸೋಲಿಸಬೇಕು. ಸೋತ ಕಳ್ಳನು ಕದ್ದದ್ದನ್ನು ಹಿಂದಿರುಗಿಸುತ್ತೇನೆಂದು ಹೇಳಿ ಆಡುವವನ ಕೈಗೆ ಕೊಡುತ್ತಾನೆ. ಅದನ್ನು ಮನೆಯವನಿಗೆ ಒಪ್ಪಿಸಲು ಆಟದಲ್ಲಿ ಮಾರ್ಗವೇ ಇಲ್ಲ. ನಾವು ಹಲವು ಸಲ ಅವನೆದುರು ನಿಂತು ನೋಡಿದೆವು. ಕ್ರಯ, ವಿನಿಮಯ, ದಾನ, ಶುಶ್ರೂಷೆ ಎಲ್ಲವನ್ನೂ ತೋರಿಸಿದ ಆಟ ಇಲ್ಲಿ ಕಳವಿನ ಮಾಲನ್ನು ನಮ್ಮ ಕೈಯಲ್ಲಿಟ್ಟು ಸುಮ್ಮನಾಗಿದೆ. ಅದು ನಮ್ಮ ಚೀಲದಲ್ಲಿರುವಾಗ ಮನೆಯವನನ್ನು ಮಾತನಾಡಿಸಿದರೆ ಅವನ ಮಾತು ಬದಲಾಗಿರುತ್ತದೆ: ಹೋದದ್ದು ಹೋಯಿತು, ಯಂತ್ರವಿಲ್ಲದೆಯೇ ತನ್ನ ಡಿಗ್ಲೆಟ್‌ಗೆ ತೋಡುವುದನ್ನು ಕಲಿಸುವೆನೆಂದು ನಿರ್ಧರಿಸಿರುತ್ತಾನೆ. ಡಿಗ್ಲೆಟ್ ಎಂಬುದು ನಾವು ಭೂಕಂಪವನ್ನು ವ್ಯರ್ಥಮಾಡಿದ ಡಗ್‌ಟ್ರಿಯೊದ ಎಳೆಯ ರೂಪವೇ. ೧೯ನೆಯ ಮಟ್ಟದಲ್ಲಿ ಅದು ತೋಡುವುದನ್ನು ತಾನಾಗಿ ಕಲಿಯುತ್ತದೆ. ಕೆಲವು ದಿನಗಳ ಬಳಿಕ ಆ ಟಿ.ಎಂ.ಅನ್ನು ನಾವು ಬೇರೊಂದು ಜೀವಿಗೆ ಕಲಿಸಿ ಖರ್ಚುಮಾಡಿ, ಪುನಃ ಆ ಮನೆಗೆ ಹೋದೆವು. ಅವನು ಮೊದಲಿನಂತೆಯೇ ಕಳ್ಳರನ್ನು ಶಪಿಸುತ್ತ ನಿಂತಿದ್ದನು.